ರಿಹರ್ಸಲ್ ಎಂಬ ಪದದ ಮೂಲವೂ ನನ್ನ ಗಡ್ಡವೂ

ಏನೂ ಗೊತ್ತಿಲ್ಲದವರು ಸುಮ್ಮನಿರುತ್ತಾರೆ. ಎಲ್ಲ ಗೊತ್ತಿರುವವರೂ ಸಾಮಾನ್ಯವಾಗಿ ಸುಮ್ಮನಿರುತ್ತಾರೆ. ಲೋಕಕ್ಕೆ ತಲೆನೋವಾಗುವವರು ಅರ್ಧಂಬರ್ಧ ಗೊತ್ತಿರುವ ನನ್ನಂಥವರು. ನನಗಿರುವ ಅರ್ಧಂಬರ್ಧ ಜ್ಞಾನ ಪದಗಳ ಹುಟ್ಟಿಗೆ ಸಂಬಂಧಪಟ್ಟದ್ದು. ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ನನಗೆ ಕೆಲಸ. ನನ್ನ ಕುರ್ಚಿಯ ಹಿಂದೆಯೇ ದಪ್ಪ ದಪ್ಪ ನಿಘಂಟುಗಳ ಕಪಾಟು. ವಿಜ್ಞಾನಿಗಳು ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ. ಸರ್ಕಾರದ ಪುಸ್ತಕ ಸುಮ್ಮನೆ ಧೂಳು ತಿನ್ನಬಾರದಲ್ಲ ಎಂದು ನಾನೇ ಓದಲು ಶುರುಮಾಡಿದೆ. ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಶಕ್ತಿಯನ್ನು ಮಾತ್ರ ದೇವರು ನನಗೆ ಕೊಡಲಿಲ್ಲ. ಕ್ಯಾಂಟೀನಿನಲ್ಲಿ ನನ್ನ ಎದುರು ಕೂತವರೆಲ್ಲ ಬಲು ಬೇಗ ಊಟ ಮುಗಿಸುತ್ತಾರೆ ಎಂಬುದನ್ನು ನಾನು ಬಹಳ ದಿನ ಅವರ ಕಾರ್ಯಶ್ರದ್ಧೆ ಎಂದೇ ತಿಳಿದಿದ್ದೆ.

ಕ್ಯಾಂಟೀನಿನವರಾದರೂ ಎದ್ದು ಹೋಗಬಹುದು, ಮನೆಯವರು ಎಲ್ಲಿಗೆ ಹೋದಾರು? ನನ್ನ ಮಗಳು ಮೇಧಾ ನಾಲ್ಕು ವರ್ಷದವಳಿದ್ದಾಗ ಒಂದು ಬೆಳಿಗ್ಗೆ, "ಅಪ್ಪಾ, ಚಾವಿ ಎಲ್ಲಿ?" ಎಂದು ಕೇಳಿದಳು. ಚಾವಿ ಎಂಬ ಮಾತು ಪೋರ್ಚುಗೀಸರಿಂದ ಬಂದದ್ದು ಎಂದು ನಾನು ಶುರು ಹಚ್ಚಿಕೊಂಡೆ. ಅವರ ಜೊತೆಗೆ ಅಲಮಾರಿಯೂ ಬಂತು, ಕಿಟಕಿಗೆ ಅನ್ನುವ ಜನೇಲವೂ ಬಂತು ಎಂದು ಹೇಳಿ ಮುಗಿಸುವಷ್ಟರಲ್ಲಿ ಸ್ಕೂಲ್ ವ್ಯಾನು ಹೋಗಿತ್ತು. ಆ ಮಗುವಿಗೆ ಬೇಕಾಗಿದ್ದದ್ದು ಬಾಗಿಲಿನ ಚಾವಿ. ನಾನು ಕೊಟ್ಟದ್ದು ಹಡಗು, ಸಮುದ್ರ ಮತ್ತು ಸಾಂಬಾರ ಪದಾರ್ಥಗಳ ವ್ಯಾಪಾರ.

ಅದೇ ಮೇಧಾ ಸ್ಕೂಲಿಗೆ ಹೋಗಿ ಒಂದು ವರ್ಷವಾಗುವಷ್ಟರಲ್ಲಿ ಕನ್ನಡ ಮಾತಾಡುವುದನ್ನು ಬಿಟ್ಟುಬಿಟ್ಟಳು. ನಾವು ಆಡಿದ ಪ್ರತಿಯೊಂದು ಮಾತೂ ಅವಳಿಗೆ ಅರ್ಥವಾಗುತ್ತದೆ, ಪಿಸುಗುಟ್ಟಿದ್ದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಉತ್ತರ ಮಾತ್ರ ಮಲಯಾಳದಲ್ಲಿ. "ಊಟ ಮಾಡ್ತೀಯೇನವಾ?" ಎಂದರೆ "ವೇಂಡ". ಬೇಡ ಅಂತ. "ಹೋಮ್‌ವರ್ಕ್ ಎಷ್ಟೈತಿ?" ಎಂದರೆ "ಅರಿಯಿಲ್ಲ". ಅದಕ್ಕೆ ಅರ್ಥ ಹೇಳಬೇಕಾಗಿಲ್ಲ. ಅವಳಿಗೆ ಹನ್ನೊಂದು ವರ್ಷವಾಗುವ ಹೊತ್ತಿಗೆ ನನಗೆ ಉಳಿದದ್ದು ಒಂದೇ ಆಸೆ. ನನ್ನ ಮಗಳು ನನ್ನ ಕಡೆ ತಿರುಗಿ, ತನ್ನ ಮನಸ್ಸಿನಿಂದ ಬಂದ ಒಂದು ಮಾತನ್ನು ಕನ್ನಡದಲ್ಲಿ ಆಡಬೇಕು. ಉದ್ದ ಬೇಡ, ಒಂದು ವಾಕ್ಯ ಸಾಕು. ಕನ್ನಡದಲ್ಲಿ ಕೇಳಿದರೆ ಮಾತ್ರ ದೋಸೆ ಎಂದು ಒಂದು ಭಾನುವಾರ ಕಾನೂನು ಮಾಡಿ ನೋಡಿದೆ. ಅವಳು ಮರುಮಾತಿಲ್ಲದೆ ಎದ್ದು ಹೋಗಿ ಪಕ್ಕದ ಮನೆಯಲ್ಲಿ ಪುಟ್ಟು ಕಡಲೆ ತಿಂದು ಬಂದಳು. ನನ್ನ ಹೆಂಡತಿ ಸರೋಜ ಮೈಸೂರಿನವಳು, ಮಾತು ಮೆತ್ತಗೆ, ಪೆಟ್ಟು ಗಟ್ಟಿ. "ಅವಳು ಯಾಕೆ ಕನ್ನಡ ಬಿಟ್ಟಳು ಅಂತ ನಿಮಗಿನ್ನೂ ಗೊತ್ತಾಗಿಲ್ವೇನ್ರೀ? ಒಂದು ಮಾತಾಡಿದ್ರೆ ತಿದ್ದುತೀರ, ಎರಡು ಮಾತಾಡಿದ್ರೆ ಪಾಠ ಮಾಡ್ತೀರ. ಮಲಯಾಳದಲ್ಲಾದ್ರೆ ನಿಮಗೆ ತಿದ್ದೋಕೆ ಬರಲ್ಲ ನೋಡಿ, ಅದಕ್ಕೆ ಅಲ್ಲಿ ಹೋಗಿ ಸೇರ್ಕೊಂಡಿದ್ದಾಳೆ" ಎಂದಳು. ನಾನು ಒಪ್ಪಲಿಲ್ಲ. ಒಪ್ಪುವುದು ನನ್ನ ಸ್ವಭಾವದಲ್ಲಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಇಂಥ ದಿನಗಳಲ್ಲಿ, ಎರಡು ಸಾವಿರದ ಏಳೋ ಎಂಟೋ ಇರಬೇಕು, ನಮ್ಮ ಕನ್ನಡ ಕೂಟಕ್ಕೆ ಕೊಚ್ಚಿಯಿಂದ ಕರೆ ಬಂತು. ಅಲ್ಲಿನ ಐಟಿ ಪಾರ್ಕಿನ ಕನ್ನಡದ ಹುಡುಗರು ರಾಜ್ಯೋತ್ಸವ ಮಾಡುತ್ತಾರಂತೆ, ತಿರುವನಂತಪುರದವರು ಒಂದು ನಾಟಕ ತರಬೇಕಂತೆ. ಕಾಸರಗೋಡಿನ ಕಡೆಯ ಭಟ್ಟರೊಬ್ಬರು ನಮ್ಮ ಕೂಟದಲ್ಲಿದ್ದರು. ಯಾವುದೋ ಬ್ಯಾಂಕಿನಲ್ಲಿ ಮ್ಯಾನೇಜರು, ಒಳಗೊಳಗೆ ನಾಟಕದ ಹುಚ್ಚು. ಅವರೇ ಕೂತು 'ಮಹಾರಾಜರ ಹಲ್ಲುನೋವು' ಎಂಬ ಅರ್ಧ ಗಂಟೆಯ ನಗೆನಾಟಕ ಬರೆದರು. ರಾಜನ ಪಾತ್ರಕ್ಕೆ ಮಂಗಳೂರಿನ ರಿಯಾಜ್ ಎಂಬ ಸಾಫ್ಟ್‌ವೇರ್ ಹುಡುಗ, ಮಂತ್ರಿ ಸ್ವತಃ ಭಟ್ಟರು. ನನಗೆ ರಾಜವೈದ್ಯ. ಹದಿನಾಲ್ಕು ಮಾತು. ಜೊತೆಗೆ ಭಾನುವಾರದ ಅಭ್ಯಾಸಕ್ಕೆ ನಮ್ಮ ಮನೆಯ ಮುಂಭಾಗದ ಹಾಲನ್ನೇ ಬಿಟ್ಟುಕೊಟ್ಟಿದ್ದೆನಾದ್ದರಿಂದ ಪಾತ್ರ ಕೊಡದೆ ಅವರಿಗೂ ಗತ್ಯಂತರವಿರಲಿಲ್ಲ.

ಮೊದಲ ಭಾನುವಾರ ಭಟ್ಟರು ಎರಡು ಚಪ್ಪಾಳೆ ತಟ್ಟಿ, "ಹಾಂ, ರಿಹರ್ಸಲ್ ಶುರು ಮಾಡುವಾ" ಎಂದರು. ಆ ಮಾತನ್ನು ಅವರು ಆಡಬಾರದಿತ್ತು. "ನೋಡ್ರಿ ಭಟ್ರ, ರಿಹರ್ಸಲ್ ಅಂದ್ರ ಏನಂತ ಗೊತ್ತೈತೇನು?" ಎಂದೆ. ಉತ್ತರಕ್ಕೆ ಕಾಯಲಿಲ್ಲ, ಎಂದೂ ಕಾಯುವುದಿಲ್ಲ. ಅದು ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ. ಅಲ್ಲಿ 'ಹರ್ಸ್' ಎಂದರೆ ಹಲ್ಲುಗಳಿರುವ ಕುಂಟೆ, ನೆಲ ಹರಗುವ ಸಾಧನ. 'ರಿ' ಎಂದರೆ ಮತ್ತೊಮ್ಮೆ. ಒಮ್ಮೆ ಹರಗಿದ ನೆಲವನ್ನೇ ಮತ್ತೆ ಹರಗುವುದು, ಹೆಂಟೆಗಳೆಲ್ಲ ಒಡೆದು ಮಣ್ಣು ಹದವಾಗುವ ತನಕ. ಹೊಲದಲ್ಲಿ ಹುಟ್ಟಿದ ಈ ಮಾತು ಮೊದಲು 'ಹೇಳಿದ್ದನ್ನೇ ಮತ್ತೆ ಹೇಳುವುದು' ಎಂಬ ಅರ್ಥಕ್ಕೆ ಬಂತು, ಆಮೇಲೆ ನಾಟಕದವರ ಮನೆ ಸೇರಿತು. ನಮ್ಮ ಧಾರವಾಡದ ಕಡೆ ಇದಕ್ಕೆ ತಾಲೀಮು ಅನ್ನುತ್ತೇವೆ, ಅದು ಅರಬ್ಬಿ ಮಾತು, ಕಲಿಸುವುದು ಎಂದರ್ಥ. ಆದರೆ ಇಂಗ್ಲಿಷಿನವರದು ಮಣ್ಣಿನ ಮಾತು ನೋಡಿ ಎಂದು, ಹೊಲ ಹರಗುವವನ ಹಾಗೆ ಬಗ್ಗಿ ಎರಡು ಕೈಯಲ್ಲೂ ಕುಂಟೆ ಒತ್ತಿ ಹಿಡಿದು ಹಾಲಿನ ಈ ಗೋಡೆಯಿಂದ ಆ ಗೋಡೆಯವರೆಗೆ ನಡೆದು ತೋರಿಸಿದೆ. ನಮ್ಮಪ್ಪ ಹುಬ್ಬಳ್ಳಿಯಲ್ಲಿ ಪೋಸ್ಟ್ ಮಾಸ್ತರರಾಗಿದ್ದರು. ನಾನು ಕುಂಟೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆಯೇ ಹೊರತು ಮುಟ್ಟಿದವನಲ್ಲ. ಅದನ್ನು ಅವತ್ತು ಹೇಳುವ ಅಗತ್ಯ ಕಾಣಲಿಲ್ಲ.

ರಿಯಾಜ್ ಪಾಪ, ಒಳ್ಳೆಯ ಮನೆತನದ ಹುಡುಗ, "ಹೌದಾ ಸರ್?" ಎಂದುಬಿಟ್ಟ. ಇನ್ನು ನನ್ನನ್ನು ಹಿಡಿಯುವವರಾರು? ಆ ಕುಂಟೆಯ ಆಕಾರದ ಚೌಕಟ್ಟಿನ ಮೇಲೆ ಇಗರ್ಜಿಯಲ್ಲಿ ಶವದ ಸುತ್ತ ಮೇಣದ ಬತ್ತಿ ಚುಚ್ಚುತ್ತಿದ್ದರು, ಅದರಿಂದ ಇಂಗ್ಲಿಷಿನಲ್ಲಿ ಹೆಣದ ಗಾಡಿಗೂ 'ಹರ್ಸ್' ಎಂದೇ ಹೆಸರಾಯಿತು, ಹೀಗಾಗಿ ರಿಹರ್ಸಲ್ಲೂ ಹೆಣದ ಗಾಡಿಯೂ ಒಂದೇ ತಾಯಿಯ ಮಕ್ಕಳು ಎಂದೆ. ಭಟ್ಟರು ಎರಡೂ ಕೈ ಮುಗಿದರು. "ಅಯ್ಯೋ ಮಾರಾಯ್ರೆ, ಶುಭ ಕೆಲಸಕ್ಕೆ ಹೊರಟಾಗ ಹೆಣದ ಗಾಡಿ ಎಂತಕ್ಕೆ ತರ್ತೀರಿ? ನಿಮ್ಮ ಮಾತು ಹದಿನಾಲ್ಕು ಉಂಟು. ಅದರಲ್ಲಿ ಒಂದಾದ್ರೂ ಹೇಳಿ, ಕೇಳುವಾ" ಎಂದರು. ಅಷ್ಟರಲ್ಲಿ ಸರೋಜ ಚಹಾ ತಂದಳು. ಚಹಾ ಎಂಬ ಪದದ ಬಗ್ಗೆಯೂ ನನಗೆ ಹೇಳುವುದಿತ್ತು. ಅವಳ ಕಣ್ಣು ನೋಡಿ ಚಹಾವನ್ನಷ್ಟೇ ಕುಡಿದೆ.

ಹೀಗೆ ಏಳು ಭಾನುವಾರ. ಉಳಿದವರು ಅಭ್ಯಾಸ ಮಾಡಿದರು, ನಾನು ಅಭ್ಯಾಸ ಎಂದರೇನೆಂದು ವಿವರಿಸಿದೆ. ನನ್ನ ಸರದಿ ಬಂದಾಗಲೆಲ್ಲ ಕೈಯಲ್ಲಿದ್ದ ಕಾಗದ ನೋಡಿ ಓದುತ್ತಿದ್ದೆ, "ಆ ದಿನಕ್ಕೆ ಬಾಯಿಪಾಠ ಆಗ್ತದ ಬಿಡ್ರಿ" ಎನ್ನುತ್ತಿದ್ದೆ. ಮೂಲೆಯ ಸ್ಟೂಲಿನ ಮೇಲೆ ಕೂತ ಮೇಧಾ ಮಾತ್ರ ಏನೋ ಗೀಚುತ್ತಲೇ ಇರುತ್ತಿದ್ದಳು. ಹೋಮ್‌ವರ್ಕ್ ಇರಬೇಕೆಂದುಕೊಂಡಿದ್ದೆ. ಮೂರನೆಯ ಭಾನುವಾರ ರಿಯಾಜ್ ಒಂದು ಮಾತು ಮರೆತು ತೊದಲಿದಾಗ ಆ ಮೂಲೆಯಿಂದ ಸ್ವಚ್ಛ ಕನ್ನಡದಲ್ಲಿ, "ಮಂತ್ರಿಗಳೇ, ನಮ್ಮ ಹಲ್ಲು ಅಲ್ಲಾಡಿದರೆ ಸಿಂಹಾಸನವೂ ಅಲ್ಲಾಡುತ್ತದೆ" ಎಂಬ ದನಿ ಬಂತು. ಎಲ್ಲರೂ ತಿರುಗಿ ನೋಡಿದೆವು. ಅವಳ ನೋಟುಬುಕ್ಕು ತೆರೆದರೆ ಇಡೀ ನಾಟಕ ಮಲಯಾಳದ ಗುಂಡು ಗುಂಡು ಅಕ್ಷರದಲ್ಲಿದೆ. ಅವಳಿಗೆ ಕನ್ನಡ ಓದಲು ಬರೆಯಲು ಬಾರದು, ಆದ್ದರಿಂದ ಕೇಳಿದ ಕನ್ನಡವನ್ನು ಬರುವ ಅಕ್ಷರದಲ್ಲಿ ಬರೆದುಕೊಂಡಿದ್ದಾಳೆ! ಭಟ್ಟರಿಗೆ ಆನಂದವೋ ಆನಂದ. "ಪರದೆಯ ಹಿಂದೆ ನಿಂತು ಮಾತು ಹೇಳಿಕೊಡ್ಲಿಕ್ಕೆ ಒಬ್ಬರು ಬೇಕಿತ್ತು. ಈ ಮಗು ಸಾಕು" ಎಂದರು. ಪ್ರಾಂಪ್ಟರ್ ಎಂಬ ಮಾತು ಲ್ಯಾಟಿನ್ನಿನ 'ಹೊರಗೆ ತೆಗೆ' ಎಂಬುದರಿಂದ ಬಂದದ್ದು ಎಂದು ನಾನು ಬಾಯಿ ತೆರೆದದ್ದಷ್ಟೇ. ರಾಜ, ಮಂತ್ರಿ, ಸಿಪಾಯಿಗಳು ಎಲ್ಲರೂ ಒಟ್ಟಾಗಿ "ಗೊತ್ತು ಸರ್" ಎಂದರು.

ಅವತ್ತು ನಾನು ಬಹಳ ಆಸೆಪಟ್ಟು, "ಮೇಧಾ, ನನಗೂ ಒಂದು ಮಾತು ಕನ್ನಡದಾಗ ಹೇಳವಾ" ಎಂದು ಅವಳ ಮುಂದೆ ಕೂತೆ. ಅವಳು ನೋಟುಬುಕ್ಕು ತಿರುವಿ, "ಮಹಾರಾಜಾ, ಬಾಯಿ ತೆರೆಯಿರಿ" ಎಂದು ನನ್ನ ಮೊದಲ ಮಾತನ್ನು ಓದಿ ಮುಚ್ಚಿಟ್ಟಳು. ಅಭ್ಯಾಸ ನಡೆದಷ್ಟು ದಿನವೂ ಇಷ್ಟೇ. ನಾಟಕದ ಮಾತಾದರೆ ಕನ್ನಡ, ತನ್ನ ಮಾತಾದರೆ ಮಲಯಾಳ. ಈ ನಿಯಮ ಎಷ್ಟು ಖಚಿತವಾಗಿತ್ತೆಂದರೆ, ಮನೆಯಲ್ಲಿ ಅವಳ ದನಿಯಲ್ಲಿ ಕನ್ನಡ ಕೇಳಿದರೆ ಅದು ಭಟ್ಟರು ಬರೆದದ್ದೇ ಎಂದು ನಾನು ಕಣ್ಣು ಮುಚ್ಚಿ ಹೇಳಬಹುದಾಗಿತ್ತು. ಆ ಖಚಿತತೆಯೇ ನನ್ನನ್ನು ಮುಳುಗಿಸಿತು.

ಗಡ್ಡದ ವಿಷಯಕ್ಕೆ ಬರೋಣ. ರಾಜವೈದ್ಯನಿಗೆ ಎದೆ ಮುಟ್ಟುವ ಬಿಳಿ ಗಡ್ಡ ಬೇಕೆಂದು ಭಟ್ಟರ ಅಪ್ಪಣೆ. ಸರೋಜಳಿಗೆ ವೇಷಭೂಷಣದ ಜವಾಬ್ದಾರಿ. ಇಬ್ಬರೂ ಚಾಲೈ ಬೀದಿಯಲ್ಲಿ ಬೆವರು ಸುರಿಸಿಕೊಂಡು ಅಲೆದು, ಪಾತ್ರೆ ಅಂಗಡಿಗೂ ಬಾಳೆಹಣ್ಣಿನ ಮಂಡಿಗೂ ನಡುವೆ ಮಕ್ಕಳ ವೇಷದ ಸಾಮಾನು ಮಾರುವ ಒಂದು ಅಂಗಡಿ ಹುಡುಕಿದೆವು. ಎರಡು ಬಗೆಯ ಗಡ್ಡವಿತ್ತು, ಅಂಟಿಸುವುದು ಮತ್ತು ದಾರದಿಂದ ಕಿವಿಗೆ ಸಿಕ್ಕಿಸುವುದು. ಅಂಗಡಿಯ ಅಣ್ಣ ಅಂಟಿಸುವುದೇ ಭದ್ರ ಎಂದ, ಸರೋಜಳೂ ಅದನ್ನೇ ಅಂದಳು. ಅಂಟಿನಿಂದ ನನಗೆ ಮುಖ ತುರಿಸುತ್ತದೆ ಎಂದು ಹಟ ಹಿಡಿದು ದಾರದ್ದನ್ನೇ ತಂದೆ. ನನ್ನ ಕಿವಿಗಳು ದೊಡ್ಡವು, ಅವುಗಳ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ.

ನಾಟಕದ ಭಾನುವಾರ ಮುಂಜಾನೆಯ ರೈಲು ಹಿಡಿದು ಕೊಚ್ಚಿಯ ಎರ್ನಾಕುಳಂ ಸ್ಟೇಷನ್ನಿಗೆ ಹೊರಟೆವು. ಐದು ಗಂಟೆ ಸಮಯವಿದೆ, ಹದಿನಾಲ್ಕು ಮಾತು ಯಾವ ಲೆಕ್ಕ ಎಂದು ಕಾಗದ ಕೈಗೆತ್ತಿಕೊಂಡೆ. ಎದುರಿನ ಸೀಟಿನಲ್ಲಿ ಚೆಂಗನ್ನೂರಿಗೆ ಹೋಗುವ ಹಿರಿಯರೊಬ್ಬರು, ಏನು ಸಾರೇ, ನಾಟಕವೇ ಎಂದು ಕೇಳಿದರು. ರಿಹರ್ಸಲ್ ಎಂಬ ಪದದ ಮೂಲ ನಿಮಗೆ ಗೊತ್ತೇ ಎಂದು ನಾನು ಕೇಳಿದೆ. ಅವರು ಚೆಂಗನ್ನೂರಿನಲ್ಲಿ ಇಳಿದದ್ದು ಊರು ಬಂತೆಂದೋ, ನನ್ನಿಂದ ಪಾರಾಗಲೆಂದೋ ತಿಳಿಯದು. ಎರ್ನಾಕುಳಂನಲ್ಲಿ ಇಳಿಯುವಾಗ ಕಾಗದ ಸೀಟಿನ ಮೇಲೆಯೇ ಉಳಿಯಿತು. ವೈಟ್ಟಿಲದ ಹತ್ತಿರದ ಹಾಲಿಗೆ ಬಸ್ಸಿನಲ್ಲಿ ಹೋಗುವಾಗ ಅದು ಗೊತ್ತಾಯಿತು. ಉಳಿದವರು ಬಾಯಿಪಾಠ ಮಾಡಿದ್ದರಿಂದ ಯಾರೂ ಕಾಗದ ತಂದಿರಲಿಲ್ಲ. ಮೇಧಾಳ ಪುಸ್ತಕ ಇಸಿದುಕೊಂಡೆ. ಎಂಟು ವರ್ಷದಿಂದ ಕೇರಳದಲ್ಲಿದ್ದೇನೆ, ಬಸ್ಸಿನ ಬೋರ್ಡು ಬಿಟ್ಟರೆ ಮಲಯಾಳದ ಒಂದಕ್ಷರ ಓದಲು ಬಾರದು. ಪುಸ್ತಕವನ್ನು ಅವಳ ಕೈಗೆ ವಾಪಸ್ಸು ಕೊಟ್ಟು, "ಏನವಾ, ಕೈ ಬಿಡಬ್ಯಾಡ" ಎಂದೆ. "ಶರಿ" ಎಂದಳು. ಆಯಿತು ಎಂದರ್ಥ. ಅವತ್ತು ಆ ಹುಡುಗಿಯ ಮುಖದಲ್ಲಿದ್ದ ಗಾಂಭೀರ್ಯ ನಮ್ಮ ಸಂಸ್ಥೆಯ ನಿರ್ದೇಶಕರ ಮುಖದಲ್ಲೂ ನಾನು ಕಂಡಿಲ್ಲ.

ಮಧ್ಯಾಹ್ನ ಮೂರಕ್ಕೆ ನಾಟಕ. ಹಾಲು ತುಂಬಿತ್ತು. ರಿಯಾಜ್ ಕೆನ್ನೆಗೆ ಕೈಯಿಟ್ಟುಕೊಂಡು ನರಳಿದ್ದಕ್ಕೇ ಜನ ನಗತೊಡಗಿದರು. ರಾಜವೈದ್ಯರ ಪ್ರವೇಶವಾಯಿತು. ನಾನು ಬೆಳಕಿಗೆ ಬಂದೆ, ಕೈ ಮುಗಿದೆ, ಬಾಯಿ ತೆರೆದೆ. ಒಳಗೆ ಏನೂ ಇರಲಿಲ್ಲ. ಲ್ಯಾಟಿನ್ ಇತ್ತು, ಹಳೆಯ ಫ್ರೆಂಚ್ ಇತ್ತು, ನನ್ನ ಮೊದಲ ಮಾತು ಇರಲಿಲ್ಲ. ಎಡಗಡೆಯ ಪರದೆಯ ಸಂದಿಯಿಂದ, "ಮಹಾರಾಜಾ, ಬಾಯಿ ತೆರೆಯಿರಿ" ಎಂಬ ಪಿಸುದನಿ ಬಂತು. ನಾನು ಗುಡುಗಿದೆ, "ಮಹಾರಾಜಾ, ಬಾಯಿ ತೆರೆಯಿರಿ!" ಚಪ್ಪಾಳೆ. ಆಮೇಲೆ ನಾನು ಯೋಚನೆ ಮಾಡುವುದನ್ನೇ ಬಿಟ್ಟೆ. ಅವಳು ಪಿಸುಗುಟ್ಟುವಳು, ನಾನು ಗುಡುಗುವೆನು. ಹದಿಮೂರು ಮಾತು ಹೀಗೆ ದಾಟಿದವು. ಜನ ಬಿದ್ದು ಬಿದ್ದು ನಗುತ್ತಿದ್ದರು. ನನ್ನೊಳಗೆ ಇಷ್ಟು ವರ್ಷ ಒಬ್ಬ ಮಹಾನಟ ಅಡಗಿ ಕೂತಿದ್ದನಲ್ಲ ಎಂದು ನನಗೇ ಕನಿಕರ ಬಂತು.

ಹದಿನಾಲ್ಕನೆಯ ಮಾತೂ ಆಯಿತು. ಅದನ್ನು ಹೇಳಿ ನಾನು ಒಳಗೆ ಹೋಗಬೇಕು. ಆದರೆ ಅಷ್ಟು ಚಪ್ಪಾಳೆ ಬಿಟ್ಟು ಹೋಗಲು ಕಾಲು ಬರಬೇಕಲ್ಲ! ಇನ್ನೊಂದು ನಿಮಿಷ ಇರೋಣವೆಂದು ಅಲ್ಲೇ ನಿಂತೆ, ಗಂಭೀರವಾಗಿ ತಲೆದೂಗಿದೆ. ತಲೆದೂಗಿದ ರಭಸಕ್ಕೆ ಬಲಗಿವಿಯ ದಾರ ಕಳಚಿದ್ದು ನನಗೆ ಗೊತ್ತಾಗಲಿಲ್ಲ. ಪರದೆಯ ಸಂದಿಯಿಂದ ಮೇಧಾಳ ದನಿ ಬಂತು: "ಅಪ್ಪಾ, ನಿನ್ನ ಗಡ್ಡ ಬೀಳ್ತಿದೆ. ಸಾಕು, ಒಳಗೆ ಬಾ." ಕನ್ನಡ. ಕನ್ನಡವೆಂದ ಮೇಲೆ ಭಟ್ಟರು ಬರೆದದ್ದು. ಓಹೋ, ಹದಿನೈದನೆಯ ಮಾತೂ ಒಂದಿತ್ತೇನೋ ಎಂದು ಹಿಗ್ಗಿ, ರಾಜನ ಎದುರು ನೆಟ್ಟಗೆ ನಿಂತು, ಕೈ ಚಾಚಿ ಘರ್ಜಿಸಿದೆ. "ಅಪ್ಪಾ! ನಿನ್ನ ಗಡ್ಡ ಬೀಳ್ತಿದೆ! ಸಾಕು, ಒಳಗೆ ಬಾ!"

ರಿಯಾಜನಿಗೆ ಗಡ್ಡವೇ ಇರಲಿಲ್ಲ. ಅವನು ಒಂದು ಕ್ಷಣ ತಬ್ಬಿಬ್ಬಾಗಿ, ನುಣ್ಣನೆಯ ಗಲ್ಲ ಸವರಿಕೊಂಡು, "ವೈದ್ಯರೇ, ನಾವು ನಿಮಗೆ ಅಪ್ಪ ಆದದ್ದು ಯಾವಾಗ?" ಎಂದ. ಹಾಲು ಕಿತ್ತುಹೋಗುವ ಹಾಗೆ ನಗು. ಸಂದಿಯಿಂದ ಅಳುವ ದನಿಯಲ್ಲಿ, "ಅಯ್ಯೋ, ಅದನ್ನು ಹೇಳಬಾರದು!" ಎಂಬ ಮಾತು ಬಂತು. ಅದೂ ಕನ್ನಡವೇ. ನಾನು ಎದೆ ಮುಟ್ಟಿಕೊಂಡು ಕರುಣ ರಸದಲ್ಲಿ, "ಅಯ್ಯೋ, ಅದನ್ನು ಹೇಳಬಾರದು!" ಎಂದೆ. ಮಂತ್ರಿಯ ಪೇಟ ಧರಿಸಿದ್ದ ಭಟ್ಟರು ಕಂಬದ ಕಡೆ ಮುಖ ತಿರುಗಿಸಿ ನಿಂತರು, ಹೆಗಲು ಕುಲುಕುತ್ತಿತ್ತು. ಕಡೆಗೆ ಮೇಧಾ ತಾಳ್ಮೆ ಕಳೆದುಕೊಂಡು, "ಅಪ್ಪಾ, ಇಙ್ಙೋಟು ವಾ!" ಎಂದಳು. ಇತ್ತ ಬಾ ಎಂದು, ಮಲಯಾಳದಲ್ಲಿ. ಮಲಯಾಳ ಕೇಳಿದ ಕೂಡಲೇ ಇದು ನಾಟಕವಲ್ಲ, ನನ್ನ ಮಗಳು ಕರೆಯುತ್ತಿದ್ದಾಳೆ ಎಂದು ತಿಳಿದು, ಒಂದೇ ಕಿವಿಯಲ್ಲಿ ಗಡ್ಡ ನೇತಾಡಿಸಿಕೊಂಡು ಒಳಗೆ ನಡೆದೆ.

ಒಳಗೆ ಸರೋಜ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಕ್ಕು ನಕ್ಕು ಬಂದ ನೀರು ಎಂದುಕೊಂಡೆ. "ರೀ, ಗೊತ್ತಾಯ್ತೇನ್ರೀ? ಅವಳು ನಿಮ್ಮ ಜೊತೆ ಕನ್ನಡದಲ್ಲಿ ಮಾತಾಡಿದಳು. ಪುಸ್ತಕದಲ್ಲಿದ್ದದ್ದಲ್ಲ, ಅವಳದೇ ಮಾತು" ಎಂದಳು. ಆರು ವರ್ಷ ಕಾದಿದ್ದೆ. ಒಂದು ವಾಕ್ಯ ಬೇಡಿದವನಿಗೆ ಮೂರು ಬಂದಿದ್ದವು. ನಾನು ಅವುಗಳನ್ನು ಕಿವಿಯಲ್ಲಿ ಕೇಳಿ, ಒಂದು ಚೂರೂ ಮನಸ್ಸಿಗೆ ತೆಗೆದುಕೊಳ್ಳದೆ, ಕೊಚ್ಚಿಯ ಅಷ್ಟೂ ಕನ್ನಡಿಗರಿಗೆ ಹಂಚಿಬಿಟ್ಟಿದ್ದೆ. ನಿಜ ಹೇಳುತ್ತೇನೆ, ಅಳು ಬಂತು. ಆದರೆ ಅಳುವುದಕ್ಕೂ ಬಿಡಲಿಲ್ಲ, ಐಟಿ ಪಾರ್ಕಿನ ಹುಡುಗರು ಓಡಿ ಬಂದು ಕೈ ಕುಲುಕಿ, "ಸರ್, ಆ ಗಡ್ಡದ ಡೈಲಾಗ್ ಸೂಪರ್!" ಎಂದರು. ಮೇಧಾ ಪುಸ್ತಕವನ್ನು ಎದೆಗವಚಿಕೊಂಡು ದೂರ ನಿಂತಿದ್ದಳು, ಮುಖ ಕೆಂಪಾಗಿತ್ತು.

ಸಂಜೆಯ ರೈಲಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು ಬಿಸಿ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ತಿನ್ನುತ್ತಿದ್ದಳು. ಹೊರಗಿನ ಹಿನ್ನೀರಿನ ಮೇಲೆ ಇನ್ನೂ ಬಿಸಿಲಿತ್ತು. ನಾನು ಪಕ್ಕದಲ್ಲಿ ಕೂತು ಆದಷ್ಟು ಮೆತ್ತಗೆ, "ಇನ್ನೊಂದು ಸಲ, ಏನರ ಒಂದು ಮಾತು ಕನ್ನಡದಾಗ ಆಡವಾ" ಎಂದೆ. ಅವಳು ತಲೆಯೆತ್ತದೆ ಮಲಯಾಳದಲ್ಲಿ ಉತ್ತರಿಸಿದಳು. ನಿನಗೆ ಹೇಳಿದರೆ ನೀನು ಅದನ್ನು ಎಲ್ಲರ ಮುಂದೆ ಕಿರುಚಿ ಹೇಳುತ್ತೀಯ ಎಂಬುದು ಅದರ ಸಾರಾಂಶ. ಸರೋಜ ಎದುರಿನ ಸೀಟಿನಿಂದ, "ಸರಿಯಾಗಿ ಹೇಳ್ದೆ" ಎಂದಳು. ಇಲ್ಲ, ಯಾರಿಗೂ ಹೇಳುವುದಿಲ್ಲ, ನಿನ್ನಾಣೆ ಎಂದು ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ಅವಳು ಆ ಕೈಯನ್ನೂ ನನ್ನ ಮುಖವನ್ನೂ ನೋಡಿ ಬಹಳ ಹೊತ್ತು ಲೆಕ್ಕಾಚಾರ ಹಾಕಿದಳು. ಕಾಯಂಕುಳಂ ದಾಟಿದ ಮೇಲೆ ಎಣ್ಣೆಯ ಕೈಯಿಂದಲೇ ನನ್ನ ಕಿವಿಯನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದಳು: "ಅಪ್ಪಾ, ನಿನ್ನ ಆ್ಯಕ್ಟಿಂಗ್ ಚೆನ್ನಾಗಿರಲಿಲ್ಲ. ಆದ್ರೆ ನೀನು ಒಳಗೆ ಬರದೆ ಅಲ್ಲೇ ನಿಂತಾಗ ನಂಗೆ ತುಂಬಾ ಭಯ ಆಯ್ತು."

ಆ್ಯಕ್ಟಿಂಗ್ ಎಂಬ ಪದದ ಮೂಲ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅಷ್ಟರಮಟ್ಟಿಗೆ ಸುಧಾರಿಸಿದ್ದೇನೆಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳಬಹುದಿತ್ತು. ಆದರೆ ಯಾರಿಗೂ ಹೇಳುವುದಿಲ್ಲವೆಂದು ತಲೆ ಮುಟ್ಟಿ ಆಣೆ ಮಾಡಿದ ಆ ಮಾತನ್ನು ಇದೀಗ ನಿಮಗೆಲ್ಲ ಅಕ್ಷರ ಬಿಡದೆ ಹೇಳಿಬಿಟ್ಟೆನಲ್ಲ, ಈಗ ಅವಳಿಗೆ ಏನು ಉತ್ತರ ಕೊಡಲಿ?